ಕೋವಿಯ ತಲೆ ಯಾವ ಕಡೆ

ನಮ್ಮ ಮನೆಯ ಕೋವಿ ತಲೆಕೆಳಗಾಗಿ ನಿಂತಿದೆ ಎಂದು ಬಂದವರೆಲ್ಲ ಹೇಳುತ್ತಿದ್ದರು. ನಮ್ಮ ಲೆಕ್ಕದಲ್ಲಿ ಅದು ನೆಟ್ಟಗೇ ನಿಂತಿತ್ತು. ಗುಂಡು ಹೋಗುವ ಬಾಯಿ ಕೆಳಗೆ, ಹೆಗಲಿಗೆ ಕೊಡುವ ಮರ ಮೇಲೆ. ಮಾವನವರ ಕಾಲದಿಂದಲೂ ಹಾಗೆ. ನಮ್ಮ ಕಡೆಯ ಥಂಡಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಅದಕ್ಕೆ ಕೋವಿಗೆ ಎಣ್ಣೆ ಜಾಸ್ತಿ ಹಚ್ಚಬೇಕು. ಬಾಯಿ ಮೇಲೆ ಮಾಡಿ ನಿಲ್ಲಿಸಿದರೆ ಆ ಎಣ್ಣೆ ಇಳಿದು ಮರ ಕುಡಿದು ಮೆತ್ತಗಾಗುತ್ತದೆ ಎಂದು ಮಾವ ಹೇಳುತ್ತಿದ್ದರು. ಆಯುಧಪೂಜೆಯ ದಿನ ‘ಕೋವಿ ತಲೆಗೆ ಕುಂಕುಮ ಇಡು’ ಎಂದರೆ ನಾನು ಮರಕ್ಕೆ ಇಡುತ್ತಿದ್ದೆ. ಮೇಲಿದ್ದದ್ದು ಅದು, ಹಾಗಾಗಿ ಅದೇ ತಲೆ. ನಮ್ಮ ಮನೆಯಲ್ಲಿ ಯಾರಿಗೂ ಬೇರೆ ಥರ ತೋಚಲಿಲ್ಲ.

ಈ ಒಂದು ಮಾತಿನಿಂದ ನಮ್ಮ ಯಜಮಾನರ ಮೇಲೆ ಕೇಸು ಬೀಳುವುದರಲ್ಲಿತ್ತು. ಅದನ್ನು ಬರೆಯುತ್ತೇನೆ. ನಾನು ಓದಿದ್ದು ಮೂರನೇ ಕ್ಲಾಸು. ಅಂಕಿ ಚೆನ್ನಾಗಿ ಬರುತ್ತದೆ, ಅಕ್ಷರ ನಿಧಾನ. ತಪ್ಪಿದ್ದರೆ ತಿದ್ದಿಕೊಳ್ಳಿ.

ನಮ್ಮ ಮನೆ ರಿಪ್ಪನ್‌ಪೇಟೆಯಿಂದ ಕಾಡಿನ ಕಡೆಗೆ ಹೋದರೆ ಸಿಗುತ್ತದೆ. ಗದ್ದೆಯ ಮೂರು ಕಡೆಗೂ ಕಾಡು. ಮಳೆಗಾಲ ಮುಗಿಯುತ್ತಾ ಬತ್ತಕ್ಕೆ ಹಂದಿ, ಆಮೇಲೆ ಕಬ್ಬಿಗೆ ಹಂದಿ. ಮಾವನ ಹೆಸರಿಗೆ ಬೆಳೆ ಕಾಯುವುದಕ್ಕೆಂದು ಒಂದು ಕೇಪಿನ ಕೋವಿ ಇತ್ತು. ಮದ್ದು, ಸೀಸದ ಚೂರು, ನಾರು ಎಲ್ಲವನ್ನೂ ಬಾಯಿಂದ ಜಡಿದು ತುಂಬುವಂಥದ್ದು. ಒಂದು ಈಡು ಹಾರಿಸಿ ಇನ್ನೊಂದಕ್ಕೆ ತುಂಬುವಷ್ಟರಲ್ಲಿ ಹಂದಿ ಉಂಡು ಕೈತೊಳೆದು ಹೋಗಿರುತ್ತಿತ್ತು. ಮಾವ ತೀರಿದ ಮೇಲೆ ಯಜಮಾನರಿಗೆ ಒಳ್ಳೆಯ ಕೋವಿ ಬೇಕು ಎನ್ನುವ ಹುಚ್ಚು ಹತ್ತಿತು.

ತೀರ್ಥಹಳ್ಳಿ ಕಡೆಯ ಒಬ್ಬ ಸಾಹುಕಾರರ ಹತ್ತಿರ ಪರದೇಶದ ಕೋವಿ ಇತ್ತು. ಒಂದೇ ನಳಿಗೆ. ಐದು ತೋಟಾ ಹಾಕಿಟ್ಟರೆ ಒಂದು ಈಡು ಹಾರಿದ ಕೂಡಲೇ ಖಾಲಿ ತೋಟಾ ತಾನೇ ಹೊರಗೆ ಹಾರಿ, ಮುಂದಿನದು ತಾನೇ ಒಳಗೆ ಬಂದು ಕೂರುತ್ತದೆ. ನಾವು ಬೆರಳಿನಿಂದ ಕುದುರೆ ಎಳೆಯುತ್ತಾ ಹೋದರೆ ಸಾಕು. ಯಜಮಾನರು ಇದನ್ನು ನನಗೆ ಹೇಳುವಾಗ ಕಣ್ಣರಳಿಸಿದ್ದರು. ನನಗೆ ತಾನೇ ಕೆಲಸ ಮಾಡುವ ಯಾವ ವಸ್ತುವಿನ ಮೇಲೂ ನಂಬಿಕೆ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಅಂಥ ಕೋವಿಯನ್ನು ಆ ಮನುಷ್ಯ ಯಾಕೆ ಮಾರುತ್ತಾನೆ ಎಂಬ ಅನುಮಾನ. ಕೇಳಿದ್ದಕ್ಕೆ, ಕಣ್ಣು ಮಂಜಾಗಿದೆ, ಗುರಿ ಕಾಣುವುದಿಲ್ಲ ಎಂದರಂತೆ. ಕೋವಿ ನೋಡುವ ನೆವದಲ್ಲಿ ನಾನೂ ಹೋದೆ. ನನಗೆ ಕಾಫಿ ಕೊಟ್ಟರು. ಸಾಹುಕಾರರು ಜಗಲಿಯ ಆ ಮೂಲೆಯಲ್ಲಿ ಕೂತಲ್ಲಿಂದಲೇ, ‘ಅಮ್ಮಾ, ಲೋಟದಲ್ಲಿ ಇರುವೆ ಬಿದ್ದಿದೆ ನೋಡಿ’ ಎಂದರು. ಇತ್ತು. ಬರುವಾಗ ದಾರಿಯಲ್ಲಿ ಯಜಮಾನರಿಗೆ ಹೇಳಿದೆ, ಈ ಮನುಷ್ಯನ ಕಣ್ಣಿಗೆ ಎಂತದೂ ಆಗಿಲ್ಲ, ಕೋವಿಗೆ ಏನೋ ಆಗಿದೆ ಎಂದು. ಅವರು ಮುಖ ಊದಿಸಿಕೊಂಡರು.

ಆ ಕೋವಿಯ ಬಾಯಿಯ ಮೇಲೆ ಗುರಿ ನೋಡುವುದಕ್ಕೆ ಇರಬೇಕಾದ ಹಿತ್ತಾಳೆಯ ಮಣಿ ಇರಲಿಲ್ಲ. ಅದನ್ನೂ ತೋರಿಸಿದೆ. ಎಲ್ಲೋ ಬಿದ್ದುಹೋಗಿರುತ್ತೆ ಎಂದರು. ತಗೊಂಡೇ ತಗೊಂಡರು. ಕಾನೂನಿನ ಪ್ರಕಾರವೇ ತಗೊಂಡರು, ಅದರಲ್ಲಿ ತಪ್ಪು ಹೇಳಲಾರೆ. ಶಿವಮೊಗ್ಗದ ಡಿ.ಸಿ. ಆಫೀಸಿಗೆ ಅರ್ಜಿ, ಸ್ಟೇಷನ್ನಿನಿಂದ ವಿಚಾರಣೆ, ಸಾಗರದ ಎ.ಸಿ. ಆಫೀಸಿಗೆ ಅಲೆದಾಟ, ಕೇಪಿನ ಕೋವಿ ವಾಪಸು ಕೊಡುವುದು, ಕೊನೆಗೆ ಲೈಸೆನ್ಸ್ ಪುಸ್ತಕದಲ್ಲಿ ಹೊಸ ಕೋವಿಯ ನಂಬರು. ನಂಬರನ್ನು ನಾನೇ ಕಬ್ಬಿಣದ ಮೇಲಿದ್ದದ್ದಕ್ಕೆ ಒಂದೊಂದು ಅಂಕಿ ತಾಳೆ ಹಾಕಿ ನೋಡಿದೆ. ಸರಿ ಇತ್ತು.

ಮೊದಲ ಮಳೆಗಾಲದಲ್ಲೇ ಅದರ ಸೊಕ್ಕು ಗೊತ್ತಾಯಿತು. ಅದನ್ನು ಮಾಡಿದವರ ಕೈ ಎಷ್ಟು ಉದ್ದವೋ ಏನೋ. ನಮ್ಮವರು ಗಿಡ್ಡ ಆಳು. ಅದರ ಮೇಲೆ ಮಳೆಯಲ್ಲಿ ಗದ್ದೆ ಕಾಯುವುದೆಂದರೆ ಕಂಬಳಿ ಕೊಪ್ಪೆ ಹಾಕಿಕೊಳ್ಳಲೇಬೇಕು. ಕೊಪ್ಪೆಯ ದಪ್ಪ ಹೆಗಲ ಮೇಲಿದ್ದರೆ ಕೋವಿ ಇನ್ನೂ ಉದ್ದವಾಗುತ್ತದೆ. ಎತ್ತುವಾಗ ಮರದ ತುದಿ ಕಂಬಳಿಗೆ ಸಿಕ್ಕಿಕೊಳ್ಳುತ್ತಿತ್ತು. ಬಿಡಿಸಿಕೊಂಡು ಎತ್ತಿದರೆ ಮರ ಹೆಗಲಿಗೆ ಬದಲು ತೋಳಿಗೆ ಕೂರುತ್ತಿತ್ತು. ಒಂದು ಸಲ ಈಡು ಹಾರಿಸಿ ತೋಳೆಲ್ಲ ಬಾವು ಬರಿಸಿಕೊಂಡು ಬಂದರು. ಹಂದಿ ಆರಾಮಾಗಿತ್ತು.

ಕೊಯ್ಸಬೇಕು ಎಂಬ ಮಾತು ಆಗ ಹುಟ್ಟಿತು.

ಅದೇ ಹೊತ್ತಿಗೆ ಬ್ಯಾಕೋಡಿನಿಂದ ನನ್ನ ತಮ್ಮ ಬಂದಿದ್ದ. ಹಿನ್ನೀರಿನ ಆಚೆಯವನು, ಲಾಂಚ್ ಹತ್ತಿ ಬಸ್ ಹತ್ತಿ ಬರುವ ಹೊತ್ತಿಗೆ ಅವನ ತಲೆಯಲ್ಲಿ ನೂರು ಉಪಾಯ ತುಂಬಿಕೊಂಡಿರುತ್ತವೆ. ಕೋವಿ ಕೈಯಲ್ಲಿ ತಿರುಗಿಸಿ ನೋಡಿ ಹೇಳಿದ, ‘ಭಾವ, ಮರ ಕೊಯ್ಸೋದು ಕೊಯ್ಸ್ತೀರಿ, ಬಾಯಿ ಕಡೇನೂ ಒಂದು ಗೇಣು ತೆಗೆಸಿಬಿಡಿ. ಬಳ್ಳಿಗೆ ಸಿಕ್ಕೋದಿಲ್ಲ. ಚೂರುಗಳು ಅಗಲಕ್ಕೆ ಹರಡ್ತವೆ.’

ಯಜಮಾನರಿಗೆ ಹೌದೆನಿಸಿತು. ಅವರಿಗೆ ಯಾರು ಏನು ಹೇಳಿದರೂ ಹೌದೆನಿಸುತ್ತದೆ, ನನ್ನದೊಂದು ಬಿಟ್ಟು. ನನಗೆ ಸರಿ ಬರಲಿಲ್ಲ. ತಮ್ಮನ ಮೇಲೆ ಅನುಮಾನ ಅಂತಲ್ಲ, ಆದರೆ ಅವನ ಉಪಾಯದಿಂದ ಕಷ್ಟಪಡುವವರು ಯಾವತ್ತೂ ಬೇರೆಯವರೇ. ಸರ್ಕಾರ ಒಂದು ವಸ್ತುವಿಗೆ ನಂಬರು ಹಾಕಿ ಪುಸ್ತಕ ಕೊಟ್ಟಿದೆ ಎಂದರೆ ಅದರ ಉದ್ದವನ್ನೂ ಎಲ್ಲೋ ಇಟ್ಟುಕೊಂಡಿರುತ್ತದೆ ಎಂದೆ. ಸಾಗರದಲ್ಲಿ ಲೈಸೆನ್ಸ್ ಇರುವ ಕೋವಿ ಅಂಗಡಿ ಇತ್ತು, ತೋಟಾ ಅಲ್ಲಿಂದಲೇ ತರುತ್ತಿದ್ದದ್ದು. ಕೇಳದೆ ಏನೂ ಮಾಡಕೂಡದು ಎಂದು ಇಬ್ಬರನ್ನೂ ಅಲ್ಲಿಗೆ ಅಟ್ಟಿದೆ.

ಅಂಗಡಿಯವರು ಹೇಳಿದ್ದನ್ನು ಯಜಮಾನರು ಬಂದು ಒಪ್ಪಿಸಿದರು. ನಳಿಗೆಯ ಕಬ್ಬಿಣಕ್ಕೆ ಗರಗಸ ಮುಟ್ಟಿಸಕೂಡದು. ನಳಿಗೆ ಇಪ್ಪತ್ತು ಇಂಚಿಗಿಂತ ಕಡಿಮೆಯಾದರೆ ಅದು ನಮ್ಮಂಥವರು ಇಟ್ಟುಕೊಳ್ಳುವ ಕೋವಿಯೇ ಅಲ್ಲ, ಕಳ್ಳರು ಇಟ್ಟುಕೊಳ್ಳುವಂಥದ್ದು. ಇಪ್ಪತ್ತಕ್ಕಿಂತ ಜಾಸ್ತಿ ಉಳಿದರೂ, ಸರ್ಕಾರದ ಅಪ್ಪಣೆ ಇಲ್ಲದೆ ನಳಿಗೆ ಗಿಡ್ಡ ಮಾಡಿದರೆ ಅದೇ ಅಪರಾಧ. ಪರದೇಶದ್ದಾದರೂ ಅಷ್ಟೇ, ಇಲ್ಲಿಯದ್ದಾದರೂ ಅಷ್ಟೇ. ಹಿಂದಿನ ಮರವನ್ನು ಆಳಿನ ಕೈಗೆ ತಕ್ಕಂತೆ ಗಿಡ್ಡ ಮಾಡಬಹುದು, ಆದರೆ ಅದನ್ನೂ ಅಂಗಡಿಗೇ ತನ್ನಿ, ರಶೀದಿ ಕೊಡುತ್ತೇವೆ.

ತಮ್ಮ ಬಾಯಿ ಮುಚ್ಚಿಕೊಂಡು ಮರುದಿನ ಊರಿಗೆ ಹೋದ. ಕಬ್ಬಿಣದ ಮಾತು ನಾನು ನಂಬಿದೆ, ಯಾಕೆಂದರೆ ಅದನ್ನು ಹೇಳಿ ಅಂಗಡಿಯವರಿಗೆ ಲಾಭವಿಲ್ಲ. ಮರದ ಮಾತು ನಂಬಲಿಲ್ಲ, ಯಾಕೆಂದರೆ ಅದರಲ್ಲಿ ಅವರಿಗೆ ಕೆಲಸ ಸಿಗುತ್ತದೆ. ಮರ ಕೊಯ್ಯುವುದಕ್ಕೆ ಸಾಗರಕ್ಕೆ ಯಾಕೆ? ಮೇಳಿಗೆಯಲ್ಲಿ ನನ್ನ ಅತ್ತಿಗೆಯ ಮನೆ, ಯಜಮಾನರ ಅಕ್ಕನದು. ಅವರ ಮನೆಯ ಬಾಗಿಲು, ಮಂಚ ಎಲ್ಲ ಮಾಡಿದ ಆಚಾರಿ ಅಲ್ಲೇ ಇದ್ದರು. ಅಲ್ಲಿಗೇ ಹೋಗುವುದೆಂದಾಯಿತು. ಕೋವಿಯನ್ನು ಆಚಾರಿಯ ಹತ್ತಿರ ಬಿಟ್ಟು ಬರುವುದು ಮಾತ್ರ ಬೇಡ, ಕೂತು ಮಾಡಿಸಿಕೊಂಡು ಬರೋಣ ಎಂದು ನಾನೂ ಹೊರಟೆ. ಕೋವಿಯನ್ನು ಚಾಪೆಯಲ್ಲಿ ಸುತ್ತಿ, ಲೈಸೆನ್ಸ್ ಪುಸ್ತಕ ನನ್ನ ಸೊಂಟದಲ್ಲಿ ಸಿಕ್ಕಿಸಿಕೊಂಡು ಬಸ್ಸಿನಲ್ಲಿ ಹೋದೆವು.

ಅದು ಕಡು ಬೇಸಿಗೆ. ಆಚಾರಿ ಅಳತೆ ಹೇಗೆ ತಗೊಳ್ಳುವುದು ಎಂದರು. ಕೊಪ್ಪೆ ಹಾಕಿಕೊಂಡೇ ಅಳತೆ ಕೊಡಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ ಎಂದೆ ನಾನು. ಯಜಮಾನರು ಉರಿಬಿಸಿಲಿನಲ್ಲಿ, ಅಂಗಳದ ನಟ್ಟನಡುವೆ, ತಲೆಯಿಂದ ಮೊಣಕಾಲಿನ ತನಕ ಕಂಬಳಿ ಕೊಪ್ಪೆ ಹೊದ್ದು, ಕೋವಿ ಎತ್ತಿ ಹಲಸಿನ ಮರಕ್ಕೆ ಗುರಿ ಹಿಡಿದು ನಿಂತರು. ಬೆವರು ಧಾರೆಯಾಗಿ ಸುರಿಯುತ್ತಿತ್ತು. ಆಚಾರಿ ಹಿಂದೆ ಮುಂದೆ ಓಡಾಡಿ, ಮೊಣಕೈ ಮಡಚಿಸಿ, ಬಿಡಿಸಿ, ಗೀಟು ಹಾಕಿದರು. ದಾರಿಯಲ್ಲಿ ಹೋಗುವವರೆಲ್ಲ ಬೇಲಿಯ ಹತ್ತಿರ ನಿಂತರು. ಅದರಲ್ಲೊಬ್ಬ ಕೇಳಿದ, ‘ಗೌಡ್ರೆ, ಮಳೆ ಬರೋ ಸುದ್ದಿ ನಿಮಗೊಬ್ರಿಗೇ ಬಂತಾ?’ ನಮ್ಮವರು ಕೊಪ್ಪೆಯೊಳಗಿಂದಲೇ ‘ಕೋವಿ ಕೊಯ್ಸ್ತಿದೀನಿ ಮಾರಾಯ’ ಎಂದರು. ನನಗೆ ಆ ಮಾತು ಅಷ್ಟು ಜನರ ಎದುರು ಆಡಿದ್ದು ಹಿಡಿಸಲಿಲ್ಲ. ನಿಂತವರ ಮುಖವನ್ನೆಲ್ಲ ಒಂದು ಸಲ ನೋಡಿಟ್ಟುಕೊಂಡೆ.

ಎರಡು ಬೆರಳಗಲ ಮರ ಹೋಯಿತು. ಆಚಾರಿ ಆ ತುಂಡನ್ನು ಪಕ್ಕಕ್ಕೆ ಎಸೆದರು. ನಾನು ಎತ್ತಿ ಚೀಲಕ್ಕೆ ಹಾಕಿಕೊಂಡೆ. ಪರದೇಶದ ಮರ, ಕಪ್ಪಗೆ ಗಟ್ಟಿಯಾಗಿತ್ತು. ಅದನ್ನು ಬಿಟ್ಟು ಬಂದರೆ ಅವರು ಯಾವುದಕ್ಕೆ ಬಳಸುತ್ತಾರೋ ಯಾರಿಗೆ ಗೊತ್ತು. ಮನೆಗೆ ತಂದು ರುಬ್ಬುವ ಕಲ್ಲಿನ ಅಡಿಗೆ ಒತ್ತು ಕೊಟ್ಟೆ. ಆ ಕಲ್ಲು ಬಹಳ ದಿನದಿಂದ ಅಲುಗಾಡುತ್ತಿತ್ತು.

ಆಮೇಲೆ ಕೋವಿ ನಮ್ಮವರ ಹೆಗಲಿಗೆ ಸರಿಯಾಗಿ ಕೂತಿತು. ಯಾರು ಕೇಳಿದರೂ ಅವರು ‘ತಲೆ ಕಡೆ ಎರಡು ಬೆರಳು ಕೊಯ್ಸಿದೆ, ಈಗ ನೋಡಿ’ ಎನ್ನುತ್ತಿದ್ದರು. ನಮ್ಮ ಕಿವಿಗೆ ಅದು ಸರಿಯಾಗಿಯೇ ಕೇಳುತ್ತಿತ್ತು.

ಎಂಬತ್ತನೇ ಇಸವಿಯ ಆಸುಪಾಸು ಒಂದು ಚುನಾವಣೆ ಬಂತು. ಚುನಾವಣೆ ಎಂದರೆ ಲೈಸೆನ್ಸ್ ಇದ್ದವರೆಲ್ಲ ಕೋವಿಯನ್ನು ಸ್ಟೇಷನ್ನಿಗೆ ಒಪ್ಪಿಸಬೇಕು, ಮುಗಿದ ಮೇಲೆ ವಾಪಸು. ಯಜಮಾನರು ಸ್ಟೇಷನ್ನಿನ ದಫೇದಾರರ ಹತ್ತಿರ ಬರೆಸಿ, ಒಪ್ಪಿಸಿ ಬಂದರು. ಚುನಾವಣೆ ಮುಗಿಯಿತು. ಪಕ್ಕದ ಗದ್ದೆಯವರ ಕೋವಿ ಬಂತು, ಆಚೆ ಊರಿನವರದ್ದೂ ಬಂತು. ನಮ್ಮವರು ತರಲು ಹೋದವರು ಬರಿಗೈಯಲ್ಲಿ ಬಂದು ಜಗಲಿಯ ಮೇಲೆ ಕೂತರು. ನೀರು ಕೊಟ್ಟರೆ ಕುಡಿಯಲಿಲ್ಲ.

ಹೊಸ ಸಬ್ ಇನ್ಸ್‌ಪೆಕ್ಟರ್ ಬಂದಿದ್ದಾರೆ. ನಳಿಗೆ ಕೊಯ್ಸಿದ ಕೋವಿ ಇದು, ಕೊಡಲು ಬರುವುದಿಲ್ಲ, ನಿಮ್ಮ ಮೇಲೆ ಕೇಸು ಹಾಕಬೇಕಾಗುತ್ತೆ, ಕಾಗದ ತಯಾರಾಗುತ್ತಿದೆ ಎಂದರಂತೆ.

ನಾವು ನಳಿಗೆ ಕೊಯ್ಸಿಯೇ ಇಲ್ಲವಲ್ಲ ಎಂದೆ. ಅದನ್ನೇ ಹೇಳಿದೆ, ಅವರು ಕೇಳಲಿಲ್ಲ ಎಂದರು. ನೀವೇನು ಹೇಳಿದಿರಿ, ಹೇಳಿದ ಹಾಗೇ ಹೇಳಿ ಎಂದು ಕೂರಿಸಿಕೊಂಡು ಕೇಳಿದೆ. ಅವರಿಗೆ ನೆನಪಿರಲಿಲ್ಲ. ಹೆದರಿದರೆ ಅವರಿಗೆ ಏನೂ ನೆನಪಿರುವುದಿಲ್ಲ.

ಆ ದಿನಗಳಲ್ಲಿ ನನಗೆ ಎಲ್ಲರ ಮೇಲೂ ಅನುಮಾನ. ಪಕ್ಕದ ಗದ್ದೆಯವರಿಗೂ ನಮಗೂ ನೀರಿನ ಕಾಲುವೆಯ ಜಗಳವಿತ್ತು, ಅವರೇ ಹೋಗಿ ಹೇಳಿರಬೇಕು. ಅವರ ಮನೆಯಾಕೆ ಅದೇ ವಾರ ನಮ್ಮ ಮನೆಗೆ ಬಂದು, ಕೋವಿ ಬಂತಾ ಅಕ್ಕ ಎಂದು ಕೇಳಿದಳು. ಯಾಕೆ ಕೇಳಬೇಕಿತ್ತು? ಮೇಳಿಗೆಯ ಬೇಲಿ ಹತ್ತಿರ ನಿಂತವರ ಮುಖವನ್ನೂ ಒಂದೊಂದಾಗಿ ನೆನಪು ಮಾಡಿಕೊಂಡೆ. ಇನ್ಸ್‌ಪೆಕ್ಟರಿಗೇ ಪರದೇಶದ ಕೋವಿಯ ಮೇಲೆ ಆಸೆ ಹುಟ್ಟಿರಬಹುದು ಎಂದೂ ಅನಿಸಿತು. ತಮ್ಮ ನಾವು ಮಲಗಿದ ಮೇಲೆ ಎದ್ದು ನಳಿಗೆಗೆ ಏನಾದರೂ ಮಾಡಿ ಹೋದನಾ ಎಂದು ಕೂಡ ಯೋಚಿಸಿದೆ.

ಆದರೆ ಒಂದು ಅನುಮಾನ ಮಾತ್ರ ನನ್ನನ್ನು ನಿಜವಾಗಿ ಹೆದರಿಸಿತು. ಆ ತೀರ್ಥಹಳ್ಳಿ ಕಡೆಯ ಸಾಹುಕಾರರು. ಬಾಯಿಯ ಮೇಲೆ ಮಣಿ ಇರಲಿಲ್ಲ. ನಳಿಗೆಯ ತುದಿ ಕೊಯ್ದರೆ ಮಣಿ ತುಂಡಿನ ಜೊತೆಗೇ ಹೋಗುತ್ತದೆ. ನಮಗೆ ಮಾರುವ ಮೊದಲೇ ಅವರು ಕೊಯ್ಸಿ, ಅದು ಅಪರಾಧ ಎಂದು ಗೊತ್ತಾದ ಮೇಲೆ ಕಣ್ಣು ಮಂಜು ಎಂದು ನಮ್ಮ ಕೊರಳಿಗೆ ಕಟ್ಟಿದರೋ? ಹಾಗಿದ್ದರೆ ಇನ್ಸ್‌ಪೆಕ್ಟರ್ ಹೇಳುತ್ತಿರುವುದು ಸರಿ. ಕೋವಿ ಯಾರ ಹೆಸರಿನಲ್ಲಿದೆಯೋ ಅವರೇ ಕೈಗೆ ಕೋಳ ಹಾಕಿಸಿಕೊಳ್ಳಬೇಕು. ಇದನ್ನು ಯಜಮಾನರಿಗೆ ಹೇಳಲಿಲ್ಲ. ಹೇಳಿದ್ದರೆ ಅವರು ಸ್ಟೇಷನ್ನಿಗೆ ಹೋಗಿ ತಾವೇ ಒಪ್ಪಿಕೊಂಡುಬಿಡುತ್ತಿದ್ದರು.

ಕಬ್ಬು ನಿಂತಿತ್ತು. ಹಂದಿ ದಿನಾ ಬರುತ್ತಿತ್ತು. ಡಬ್ಬ ಬಡಿದು ಬಡಿದು ಸಾಕಾಯಿತು. ಒಂದು ದಿನ ರುಬ್ಬುವ ಕಲ್ಲಿನ ಅಡಿಯಿಂದ ಮರದ ತುಂಡು ತೆಗೆದು, ತೊಳೆದು, ಚೀಲಕ್ಕೆ ಹಾಕಿಕೊಂಡೆ. ಯಜಮಾನರನ್ನು ಕರೆದುಕೊಂಡು ಸ್ಟೇಷನ್ನಿಗೆ ಹೋದೆ. ಬಾಯಿ ಬಿಡಕೂಡದು, ಕೇಳಿದ್ದಕ್ಕೆಲ್ಲ ನಾನೇ ಹೇಳುತ್ತೇನೆ ಎಂದು ದಾರಿಯಲ್ಲೇ ಹೇಳಿದ್ದೆ.

ಇನ್ಸ್‌ಪೆಕ್ಟರ್ ಚಿಕ್ಕ ವಯಸ್ಸಿನವರು. ನನ್ನನ್ನು ನೋಡಿ, ಹೆಂಗಸರು ಯಾಕೆ ಬಂದಿರಿ ಎಂದರು. ಕೋವಿ ಒಪ್ಪಿಸಿದ ದಿನ ದಫೇದಾರರು ಏನು ಬರೆದುಕೊಂಡಿದ್ದಾರೆ, ಓದಿ ಹೇಳಿ ಸ್ವಾಮಿ ಎಂದೆ. ಅವರು ಓದಿದರು. ‘ಕೋವಿಯ ತಲೆ ಭಾಗವನ್ನು ಎರಡು ಬೆರಳು ಕತ್ತರಿಸಿರುವುದಾಗಿ ಮಾಲೀಕರೇ ತಿಳಿಸಿರುತ್ತಾರೆ.’

ನಾನು ಯಜಮಾನರ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. ದಫೇದಾರರು ಮರದ ತುದಿ ಹೊಸದಾಗಿ ಕಾಣುತ್ತದಲ್ಲ, ಏನು ಮಾಡಿಸಿದಿರಿ ಎಂದು ಕೇಳಿದ್ದರಂತೆ, ಇವರು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಾರೆ. ಯಾರೂ ಚಾಡಿ ಹೇಳಿರಲಿಲ್ಲ. ಆದರೂ ಪಕ್ಕದ ಗದ್ದೆಯವರ ಮೇಲಿನ ಸಿಟ್ಟು ನನಗೆ ಪೂರ್ತಿ ಇಳಿಯಲಿಲ್ಲ.

ತಲೆ ಅಂದರೆ ಮರ ಸ್ವಾಮಿ ಎಂದೆ. ಹೆಗಲಿಗೆ ಕೊಡುವುದು. ಅವರಿಗೆ ಅರ್ಥವಾಗಲಿಲ್ಲ. ಕೋವಿ ತರಿಸಿ ಎಂದೆ. ತರಿಸಿದರು. ನಾನು ಅದನ್ನು ಗೋಡೆಗೆ ನಮ್ಮ ಮನೆಯ ಥರವೇ ನಿಲ್ಲಿಸಿ, ಮೇಲಿನ ಮರ ಮುಟ್ಟಿ, ಇದು ತಲೆ ಎಂದೆ. ಕೆಳಗೆ ತೋರಿಸಿ, ಅದು ಬಾಯಿ ಎಂದೆ.

ಇನ್ಸ್‌ಪೆಕ್ಟರ್ ಮೇಲೊಮ್ಮೆ ಕೆಳಗೊಮ್ಮೆ ನೋಡಿದರು. ‘ಬಾಯಿ ಒಂದು ತುದೀಲಿ, ತಲೆ ಇನ್ನೊಂದು ತುದೀಲಿ. ಇದೆಂಥ ಪ್ರಾಣಿ ಅಮ್ಮ?’

‘ನಮ್ಮನೇಲಿ ಹಂಗೇ ಸ್ವಾಮಿ. ಕುಂಕುಮ ಇಡೋದೂ ಅಲ್ಲಿಗೇ. ನೋಡಿ, ಇನ್ನೂ ಕಲೆ ಇದೆ.’

ಇತ್ತು. ಚೀಲದಿಂದ ಮರದ ತುಂಡು ತೆಗೆದು ಕೋವಿಯ ಮರದ ಮೇಲೆ ಇಟ್ಟೆ. ಎಳೆಗೆ ಎಳೆ ಕೂತಿತು. ರುಬ್ಬುವ ಕಲ್ಲಿನ ಕೆಳಗೆ ಕೂತು ಸ್ವಲ್ಪ ಬೆಳ್ಳಗಾಗಿತ್ತು, ಅಷ್ಟೇ. ದಫೇದಾರರು ಹಿಂದೆ ನಿಂತು ನಗು ತಡೆಯುತ್ತಿದ್ದರು. ಇನ್ಸ್‌ಪೆಕ್ಟರ್ ನಗಲಿಲ್ಲ. ಮರ ಯಾರು ಕೊಯ್ದಿದ್ದು ಎಂದು ಕೇಳಿದರು. ಕೋವಿಯ ಯಾವ ಕೆಲಸವನ್ನೂ ಲೈಸೆನ್ಸ್ ಇದ್ದ ಅಂಗಡಿಯವರೇ ಮಾಡಬೇಕು, ಗೊತ್ತಾ ಎಂದರು. ಆಚಾರಿಯ ಹೆಸರು ನನ್ನ ಬಾಯಿಂದ ಬರುವುದಿಲ್ಲ ಎಂದು ಮೊದಲೇ ತೀರ್ಮಾನ ಮಾಡಿದ್ದೆ. ಗರಗಸ ಕೊಯ್ತು ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ನಾನೂ ನೋಡಿದೆ.

ಆಮೇಲೆ ಅವರು ಕೋವಿಯನ್ನು ತಿರುಗಿಸಿ, ನಾನು ಹೆದರಿದ್ದ ಜಾಗಕ್ಕೇ ಬೆರಳಿಟ್ಟರು. ‘ಮರದ ಕಥೆ ಆಯ್ತು. ಇಲ್ಲಿ ಮಣಿ ಎಲ್ಲಿ?’

‘ತಂದ ದಿನದಿಂದ ಇಲ್ಲ.’

‘ಅಂದ್ರೆ ತರೋ ಮುಂಚೆ ಕೊಯ್ದಿರಬಹುದು. ಅಳತೆ ಟೇಪು ಹಿಡಿದ್ರೆ ಇಪ್ಪತ್ತಕ್ಕಿಂತ ಜಾಸ್ತಿನೇ ಇದೆ, ಅದು ನನಗೂ ಗೊತ್ತು. ಆದ್ರೆ ಮೊದ್ಲು ಎಷ್ಟಿತ್ತು?’

ಯಜಮಾನರು ತಲೆ ಎತ್ತಿ ನನ್ನನ್ನು ನೋಡಿದರು. ಅವರಿಗೆ ಆ ಯೋಚನೆ ಬಂದಿದ್ದು ಆಗಲೇ. ನನಗೆ ಮಾತ್ರ ಆ ಇನ್ಸ್‌ಪೆಕ್ಟರ್ ಮೇಲೆ ಮೊದಲ ಸಲ ಸ್ವಲ್ಪ ಗೌರವ ಬಂತು. ನನ್ನಂತೆಯೇ ಯೋಚನೆ ಮಾಡುವ ಮನುಷ್ಯ, ಸುಮ್ಮನೆ ಯಾರನ್ನೂ ನಂಬುವುದಿಲ್ಲ. ಅಂಥವರ ಹತ್ತಿರ ಅತ್ತು ಪ್ರಯೋಜನವಿಲ್ಲ, ತೋರಿಸಬೇಕು. ಸಾಗರದ ಕೋವಿ ಅಂಗಡಿಗೆ ಕಳಿಸಿ ನೋಡಿಸಿ, ಕೊಯ್ದಿದ್ದರೆ ಕೇಸು ಹಾಕಿ ಎಂದೆ. ಕೊಯ್ದಿದ್ದರೆ ಏನು ಗತಿ ಎಂದು ನನಗೂ ಗೊತ್ತಿರಲಿಲ್ಲ. ಆದರೆ ಅದೇ ಅನುಮಾನ ಇಟ್ಟುಕೊಂಡು ಮನೆಯಲ್ಲಿ ಕೂರುವುದಕ್ಕಿಂತ ಅದು ಮೇಲು ಎನಿಸಿತು.

ದಫೇದಾರರ ಜೊತೆ ಕೋವಿ ಕಳಿಸುತ್ತೇನೆ, ನೀವು ಮನೆಗೆ ಹೋಗಿ ಎಂದರು. ಕೋವಿ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ನಾವೂ ಬರುತ್ತೇವೆ ಎಂದೆ. ದಾರಿಯಲ್ಲಿ ಏನೇನು ಬದಲಾಗುತ್ತದೋ ಯಾರಿಗೆ ಗೊತ್ತು. ಇದನ್ನು ಅವರ ಎದುರಿಗೇ ಹೇಳಿದೆ. ದಫೇದಾರರ ನಗು ನಿಂತಿತು.

ಮರುದಿನ ಬೆಳಗಿನ ಬಸ್ಸಿಗೆ ಹೊರಟೆವು. ದಫೇದಾರರು ಕೋವಿ ಹಿಡಿದು ಕಿಟಕಿ ಪಕ್ಕ, ನಾನು ಅವರ ಹಿಂದಿನ ಸೀಟಿನಲ್ಲಿ, ಕೋವಿ ಕಾಣುವ ಹಾಗೆ. ಯಜಮಾನರು ನನ್ನ ಪಕ್ಕ. ಆನಂದಪುರದಲ್ಲಿ ಬಸ್ಸು ನಿಂತಾಗ ದಫೇದಾರರು ಚಾ ಕುಡಿಯಲು ಇಳಿದರು. ಕೋವಿಯನ್ನೂ ಇಳಿಸಿಕೊಂಡರು, ನಾನೂ ಇಳಿದೆ. ‘ನಿಮಗೊಂದು ಚಾ ಹೇಳ್ಲಾ ಅಮ್ಮ, ಹೆಂಗೂ ನನ್ನ ಬಿಟ್ಟು ಹೋಗೋದಿಲ್ಲ ನೀವು’ ಎಂದರು. ಕುಡಿದೆ.

ಸಾಗರದ ಅಂಗಡಿಯವರು ಕೋವಿ ನೋಡಿದ ಕೂಡಲೇ ಮೊದಲು ಮರವನ್ನು ನೋಡಿದರು. ನಾನು ಹೇಳಿದ್ದೆನಲ್ಲ ಇಲ್ಲಿಗೆ ತನ್ನಿ ಅಂತ, ಯಾರು ಹೀಗೆ ಕೊಯ್ದದ್ದು, ಓರೆಯಾಗಿದೆ ಎಂದು ಬೈದರು. ಓರೆ ಏನೂ ಇರಲಿಲ್ಲ. ದಫೇದಾರರು ನಳಿಗೆಯ ವಿಷಯ ಹೇಳಿದರು. ಅಂಗಡಿಯವರು ನಳಿಗೆ ಬಿಚ್ಚಿ, ಬೆಳಕಿಗೆ ಹಿಡಿದು, ನನ್ನನ್ನೇ ಕರೆದು ತೋರಿಸಿದರು. ಈ ಥರದ ಕೋವಿಯ ನಳಿಗೆ ಒಳಗೆ ಉದ್ದಕ್ಕೂ ಒಂದೇ ಅಗಲ, ಬಾಯಿಯ ಹತ್ತಿರ ಮಾತ್ರ ಸ್ವಲ್ಪ ಕಿರಿದು ಮಾಡಿರುತ್ತಾರಂತೆ, ಚೂರುಗಳು ಚದುರದೆ ಹೋಗಲಿ ಎಂದು. ತುದಿ ಕೊಯ್ದಿದ್ದರೆ ಆ ಕಿರಿದು ಭಾಗ ತುಂಡಿನ ಜೊತೆ ಹೋಗಿ, ಬಾಯಿಯೂ ಹಿಂದಿನಷ್ಟೇ ಅಗಲ ಇರುತ್ತದೆ.

ಒಂದು ಮರದ ಬಿಲ್ಲೆಯನ್ನು ಉಜ್ಜಿ ಉಜ್ಜಿ ನಳಿಗೆಯ ಹಿಂದಿನಿಂದ ಸಲೀಸಾಗಿ ಹೋಗುವಂತೆ ಮಾಡಿದರು. ಕಡ್ಡಿಯಿಂದ ತಳ್ಳಿದರು. ಹೋಯಿತು. ಇನ್ನೂ ಹೋಯಿತು. ಯಜಮಾನರು ಅಂಗಡಿಯ ಕಂಬ ಹಿಡಿದುಕೊಂಡು ನಿಂತಿದ್ದರು. ಅದು ಆಚೆಯ ಬಾಯಿಂದ ಹೊರಗೆ ಬಿದ್ದರೆ ನಾವು ಕೆಟ್ಟೆವು ಎಂದು ನಾನು ಅದರ ಮೇಲೇ ಕಣ್ಣಿಟ್ಟಿದ್ದೆ. ಬಾಯಿ ಇನ್ನು ನಾಲ್ಕು ಬೆರಳು ಇದೆ ಎನ್ನುವಾಗ ಬಿಲ್ಲೆ ನಿಂತಿತು. ಅಂಗಡಿಯವರು ಮತ್ತೆ ತಳ್ಳಿದರು. ಅಲ್ಲಾಡಲಿಲ್ಲ.

ನನಗೆ ಅಷ್ಟು ಸಾಲದು. ಹಾಗಿದ್ದರೆ ಮಣಿ ಎಲ್ಲಿ ಎಂದು ಕೇಳಿದೆ. ಅಂಗಡಿಯವರು ಬಾಯಿಯ ಮೇಲೆ ಸೂಜಿಯಿಂದ ಕೆರೆದರು. ಹಳೆಯ ಎಣ್ಣೆ, ಮಣ್ಣು ಸೇರಿ ಗಟ್ಟಿಯಾದದ್ದು ಎದ್ದು ಬಂತು, ಅದರ ಕೆಳಗೆ ಒಂದು ಸಣ್ಣ ತೂತು. ಒಳಗೆ ಸುತ್ತು ಗೀಟು. ಮಣಿ ತಿರುಪಿನದು, ಸಡಿಲಾಗಿ ಎಂದೋ ಬಿದ್ದುಹೋಗಿತ್ತು. ದಫೇದಾರರು ಅಲ್ಲಿಯೇ ಬರೆದುಕೊಂಡರು. ಅಂಗಡಿಯವರು ಸೀಲು ಹಾಕಿ ಬರೆದು ಕೊಟ್ಟರು, ಹೊಸ ಮಣಿ ಕೂರಿಸಿದರು, ಅದಕ್ಕೆ ರಶೀದಿ ಕೊಟ್ಟರು. ಮರ ಕೊಯ್ದದ್ದನ್ನೂ ಸೇರಿಸಿ ಬರೆಸಿದೆ.

ಯಜಮಾನರು ಕಂಬ ಬಿಟ್ಟು ಬಂದು ಸ್ಟೂಲಿನ ಮೇಲೆ ಕೂತರು. ನನಗೆ ಇನ್ನೂ ಒಂದು ಉಳಿದಿತ್ತು. ನಳಿಗೆ ಕೊಯ್ದಿಲ್ಲ, ಕಣ್ಣೂ ಮಂಜಿಲ್ಲ, ಹಾಗಾದರೆ ಆ ಸಾಹುಕಾರರು ಮಾರಿದ್ದು ಯಾಕೆ? ಅಂಗಡಿಯವರನ್ನೇ ಕೇಳಿದೆ. ಅವರು, ಮಳೆಗಾಲದಲ್ಲಿ ಐದೂ ಈಡು ಹಾರುತ್ತಾ ಎಂದು ಯಜಮಾನರನ್ನು ಕೇಳಿದರು. ಯಜಮಾನರು ಹೊರಗೆ ರಸ್ತೆ ನೋಡತೊಡಗಿದರು. ಅಂಗಡಿಯವರೇ ಬಿಡಿಸಿ ಹೇಳಿದರು, ನಮ್ಮ ಕಡೆ ಸಿಗುವುದು ಕಾಗದದ ತೋಟಾ. ಥಂಡಿಗೆ ಕಾಗದ ಉಬ್ಬುತ್ತದೆ. ಜೋಡು ನಳಿಗೆಯ ಕೋವಿಯಾದರೆ ಕೈಯಿಂದ ಒತ್ತಿ ಕೂರಿಸಬಹುದು, ತಾನೇ ತುಂಬಿಕೊಳ್ಳುವುದಕ್ಕೆ ಅದು ಆಗುವುದಿಲ್ಲ. ಒಂದು ಹಾರುತ್ತದೆ, ಎರಡನೆಯದು ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ.

‘ಹಂಗಾದ್ರೆ ಇಷ್ಟು ದಿನ?’ ಎಂದು ನಾನು ಯಜಮಾನರನ್ನು ಕೇಳಿದೆ.

‘ಒಂದೇ ಹಾರ್ತಿತ್ತು ಮಾರಾಯ್ತಿ,’ ಎಂದರು. ‘ನಿನಗೆ ಹೇಳಿದ್ರೆ ಬಿಡ್ತಿದ್ಯಾ?’

ಎರಡು ಮಳೆಗಾಲ ಅವರು ನನಗೆ ಸುಳ್ಳು ಹೇಳಿದ್ದರು. ದಫೇದಾರರು ಆ ಕಡೆ ತಿರುಗಿಕೊಂಡರು. ವಾಪಸು ಬರುವಾಗ ನಾನು ಕೋವಿಯನ್ನಲ್ಲ, ನಮ್ಮವರನ್ನು ನೋಡುತ್ತಾ ಬಂದೆ. ಇನ್ನೇನೇನು ಇದೆಯೋ ಎಂದು.

ಇನ್ಸ್‌ಪೆಕ್ಟರ್ ಕಾಗದ ಓದಿ, ಎರಡು ಸಲ ತಿರುಗಿಸಿ ನೋಡಿ, ಕೇಸಿಲ್ಲ ಎಂದರು. ಮುಂದೆ ಮರಕ್ಕೂ ಕೈ ಹಾಕಿಸುವ ಮೊದಲು ಅಂಗಡಿಗೇ ಹೋಗಿ ಎಂದು ಬೈದು, ಕೋವಿ ಕೊಟ್ಟರು. ನಾನು ಅಲ್ಲಿಯೇ ಕಬ್ಬಿಣದ ಮೇಲಿನ ನಂಬರನ್ನು ಪುಸ್ತಕಕ್ಕೆ ತಾಳೆ ಹಾಕಿದೆ. ಚೀಲದಿಂದ ತುಂಡು ತೆಗೆದು ಮರಕ್ಕೂ ಇಟ್ಟು ನೋಡಿದೆ. ಕೂತಿತು. ‘ನಮ್ಮದು ಸ್ಟೇಷನ್ ಅಮ್ಮ, ಸಂತೆ ಅಲ್ಲ,’ ಎಂದರು ಇನ್ಸ್‌ಪೆಕ್ಟರ್. ಹೌದು ಸ್ವಾಮಿ ಎಂದು ಇನ್ನೊಂದು ಸಲ ನಂಬರು ನೋಡಿದೆ.

ಆ ವರ್ಷ ಉಳಿದ ಕಬ್ಬು ಉಳಿಯಿತು. ಬೇಸಿಗೆಯಲ್ಲಿ ಆ ಕೋವಿ ಐದೂ ಈಡು ಹಾರಿಸುತ್ತಿತ್ತು. ಮಳೆಗಾಲಕ್ಕೆ ಡಬ್ಬ ಬಡಿಯುವುದು ಬಿಡಲಿಲ್ಲ. ಪಕ್ಕದ ಗದ್ದೆಯಾಕೆ ಕೋವಿ ಬಂದದ್ದು ಕೇಳಿ, ಒಳ್ಳೇದಾಯ್ತು ಅಕ್ಕ ಎಂದಳು. ಅವಳಿಗೆ ಯಾಕೆ ಒಳ್ಳೇದಾಗಬೇಕು ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಕೋವಿ ನಿಲ್ಲಿಸುವ ಕ್ರಮ ಬದಲು ಮಾಡಲಿಲ್ಲ. ಮಾವ ಹೇಳಿದ್ದು ಎಣ್ಣೆಯ ವಿಷಯದಲ್ಲಿ ಸರಿಯೇ. ಆದರೆ ಮನೆಯ ಹೊರಗೆ ತಲೆ ಎಂಬ ಮಾತನ್ನು ಯಾರೂ ಎತ್ತಕೂಡದು ಎಂದು ಕಟ್ಟು ಮಾಡಿದೆ. ಮರ ಎಂದರೆ ಮರ, ಕಬ್ಬಿಣ ಎಂದರೆ ಕಬ್ಬಿಣ. ಆಮೇಲಿನ ಚುನಾವಣೆಗೆ ಒಪ್ಪಿಸಲು ಹೋಗುವಾಗ ನಾನೂ ಜೊತೆಗೆ ಹೋದೆ. ಇನ್ಸ್‌ಪೆಕ್ಟರ್ ಬದಲಾಗಿದ್ದರು, ಬರೆಯುವವರೂ ಹೊಸಬರು. ಮರದ ತುದಿ ನೋಡಿ ಇದೇನು ಎಂದು ಕೇಳಿದರು. ಯಜಮಾನರು ಬಾಯಿ ತೆರೆದರು, ನಾನು ಅವರ ಕೈ ಹಿಡಿದೆ.

‘ಮರ ಕೊಯ್ಸಿದೀವಿ, ಕಬ್ಬಿಣ ಕೊಯ್ಸಿಲ್ಲ. ಹಿಂಗೇ ಬರ್ಕೊಳಿ,’ ಎಂದು ಹೇಳಿ, ಸಾಗರದ ಅಂಗಡಿಯ ಕಾಗದವನ್ನು ಮೇಜಿನ ಮೇಲಿಟ್ಟೆ.

ಅವರು ಬರೆದರು. ಬರೆದದ್ದನ್ನು ಓದಿ ಹೇಳಿ ಎಂದೆ. ಓದಿದರು. ಇನ್ನೊಂದು ಸಲ ಓದಿ ಎಂದೆ.